ಅಲಸಂದೆ ಕುಡಿ ತಿಂದದ್ದು ಯಾರು?

ಹಿತ್ತಿಲ ತೋಟದ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ಮನೆ ನರಸಿಂಹರಾಜಪುರ ತಾಲ್ಲೂಕಿನಲ್ಲಿ, ಭದ್ರಾ ಹಿನ್ನೀರಿನ ಬದಿ. ಮನೆ ಹಿಂದೆ ಹತ್ತು ಗುಂಟೆ ಹಿತ್ತಿಲಿದೆ. ಎರಡು ವರ್ಷದಿಂದ ಜಿಂಕೆ ಕಾಟ. ಅಲಸಂದೆ, ಹರಿವೆ, ಸಿಹಿಗೆಣಸಿನ ಬಳ್ಳಿ, ಕೊನೆಗೆ ದೇವರ ಪೂಜೆಗಿದ್ದ ದಾಸವಾಳವೂ ಉಳಿಯುತ್ತಿಲ್ಲ. ಹಳೇ ಸೀರೆ ಸುತ್ತ ಕಟ್ಟಿದೆ. ಕ್ಷೌರದಂಗಡಿಯಿಂದ ಕೂದಲು ತಂದು ಉದುರಿಸಿದೆ. ಒಂದು ವಾರ ಬರಲಿಲ್ಲ, ಆಮೇಲೆ ಮತ್ತೆ ಅದೇ ಕಥೆ. ಫೋರೇಟ್ ಅನ್ನುವ ಕೀಟನಾಶಕದ ಹರಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೇತುಹಾಕಿ ಅಂತ ಪಕ್ಕದ ತೋಟದವರು ಹೇಳುತ್ತಿದ್ದಾರೆ. ಹಾಕಲಾ?
– ಗೃಹಿಣಿ, ಎನ್.ಆರ್. ಪುರ ತಾಲ್ಲೂಕು

ಉತ್ತರ: ಹಾಕಬೇಡಿ. ಫೋರೇಟ್ ನಮ್ಮ ದೇಶದಲ್ಲಿ 2020ರ ಕೊನೆಗೇ ನಿಷೇಧವಾಗಿದೆ. ಯಾರದೋ ಕೊಟ್ಟಿಗೆಯ ಅಟ್ಟದಲ್ಲಿ ಉಳಿದ ಹಳೇ ಪೊಟ್ಟಣ ಈಗಲೂ ಕೈಯಿಂದ ಕೈಗೆ ಓಡಾಡುತ್ತಿರುತ್ತದೆ, ಅಷ್ಟೆ. ಮೊದಲ ಮಳೆಗೆ ಆ ಗಂಟಿನಿಂದ ತೊಟ್ಟಿಕ್ಕುವ ನೀರು ನಿಮ್ಮ ಹರಿವೆ ಪಾತಿಗೇ ಇಳಿಯುವುದು. ಅದನ್ನೇ ಕಿತ್ತು ನೀವು ಸಾರು ಮಾಡುವುದು.

ಈಗ ಜಿಂಕೆ ವಿಷಯ. ಬಂದದ್ದು ನಿಜವಾಗಿ ಜಿಂಕೆಯೇನಾ? ತಿಂದ ಕುಡಿಯೊಂದನ್ನು ಬೆಳಕಿಗೆ ಹಿಡಿದು ನೋಡಿ. ಜಿಂಕೆಗೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ನಮ್ಮ ಹಸುವಿನ ಹಾಗೆಯೇ. ಕೆಳಹಲ್ಲಿಗೂ ಮೇಲಿನ ವಸಡಿಗೂ ನಡುವೆ ಸೊಪ್ಪು ಕಚ್ಚಿ ಜಗ್ಗುತ್ತದೆ. ಹಾಗಾಗಿ ದಂಟು ಹರಿದು, ತುದಿಯಲ್ಲಿ ನಾರು ಎದ್ದಿರುತ್ತದೆ. ಮೊಲ ತಿಂದದ್ದಾದರೆ ಕತ್ತಿಯಲ್ಲಿ ಓರೆಯಾಗಿ ಕೊಯ್ದಷ್ಟು ನಯ. ಮಣ್ಣು ಬಗೆದು ಗೆಣಸೇ ಮಾಯವಾಗಿದ್ದರೆ ಅದು ಹಂದಿ, ಇಲ್ಲವೇ ಮುಳ್ಳುಹಂದಿ. ಇನ್ನೂ ಅನುಮಾನವಿದ್ದರೆ ರಾತ್ರಿ ಮಲಗುವ ಮುಂಚೆ ಪಾತಿಯ ಸುತ್ತ ಒಂದು ಮೊಳ ಅಗಲ ಮಣ್ಣು ಕೆರೆದು ನಯಮಾಡಿಡಿ. ಬೆಳಿಗ್ಗೆ ಗೊರಸು, ಹಿಕ್ಕೆ ಎರಡೂ ಸಾಕ್ಷಿ ಹೇಳುತ್ತವೆ. ಇಷ್ಟೆಲ್ಲ ಯಾಕೆ ಅಂದರೆ, ಜಿಂಕೆಗೆ ಹಾಕಿದ ಬೇಲಿ ಹಂದಿಗೆ ಸಾಲದು. ಮೊಲಕ್ಕೆ ಹಾಕಿದ್ದನ್ನು ಜಿಂಕೆ ಲೆಕ್ಕಕ್ಕೇ ಇಡದು.

ನೀವು ಹೇಳಿದ ಲಕ್ಷಣಕ್ಕೆ ಚುಕ್ಕೆ ಜಿಂಕೆಯೇ ಇರಬೇಕು, ಜೊತೆಗೊಂದು ಕಾಡುಕುರಿ, ಅಂದರೆ ಬೊಗಳುವ ಜಿಂಕೆ, ಬಂದರೂ ಬರಬಹುದು. ಹಿನ್ನೀರು ಇಳಿದಾಗ ಅಂಚಿನಲ್ಲಿ ಹಸಿರು ಹುಲ್ಲು ಚಿಗುರುತ್ತದೆ, ಅದಕ್ಕೆ ಹಿಂಡು ಇಳಿಯುತ್ತದೆ, ಅಲ್ಲಿಂದ ನಿಮ್ಮ ಹಿತ್ತಿಲು ಎಷ್ಟು ದೂರ!

ಸೀರೆ ಕಟ್ಟಿದ್ದು ತಪ್ಪಲ್ಲ. ಅದೊಂದು ವಾರ ಕೆಲಸ ಮಾಡಿತಲ್ಲ, ಯಾಕೆ ಅಂತ ಗೊತ್ತಾದರೆ ಮುಂದಿನ ದಾರಿ ಕಾಣುತ್ತದೆ. ಆಚೆ ಏನಿದೆ, ಕಾಲು ಎಲ್ಲಿಗೆ ಬೀಳುತ್ತದೆ ಅಂತ ಕಾಣದ ಕಡೆಗೆ ಜಿಂಕೆ ನೆಗೆಯಲು ಹಿಂಜರಿಯುತ್ತದೆ. ಸೀರೆ ಅದರ ಕಣ್ಣಿಗೆ ಗೋಡೆ. ನಮ್ಮ ಮನೆಯಲ್ಲೂ ಕಟ್ಟಿದ್ದೆ. ಅಮ್ಮನ ಕೆಂಪು ಸೀರೆ ಎದ್ದು ಕಾಣುತ್ತದೆ ಅಂತ ಅದನ್ನೇ ಆರಿಸಿದ್ದೆ. ಜಿಂಕೆ ಕಣ್ಣಿಗೆ ಕೆಂಪು ಮಂಕು ಬಣ್ಣ ಅಂತ ಗೊತ್ತಾದದ್ದು ಆಮೇಲೆ. ಬಿಳಿ, ನೀಲಿ ಅದಕ್ಕೆ ಚೆನ್ನಾಗಿ ಕಾಣುತ್ತವೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಒಗೆದ ಬಟ್ಟೆ ಒಣಹಾಕಿದ ಹಾಗೆ ಸೀರೆಯನ್ನು ನೆಲದಿಂದ ಒಂದೂವರೆ ಅಡಿ ಮೇಲೆ ಕಟ್ಟಿದ್ದೆ. ಬೆಳಗಿನ ಜಾವ ಟಾರ್ಚ್ ಹಾಕಿ ನೋಡಿದರೆ ಹೆಣ್ಣು ಜಿಂಕೆಯೊಂದು ಮಂಡಿ ಬಗ್ಗಿಸಿ, ಅಂಚಿನ ಕೆಳಗೆ ಕುತ್ತಿಗೆ ತೂರಿಸಿ, ಆರಾಮಾಗಿ ಬೀನ್ಸ್ ತಿನ್ನುತ್ತಿತ್ತು. ನುಸುಳಲು ಜಾಗ ಸಿಕ್ಕರೆ ಜಿಂಕೆ ನೆಗೆಯುವ ಗೋಜಿಗೇ ಹೋಗುವುದಿಲ್ಲ. ಬೇಲಿ ಯಾವುದೇ ಇರಲಿ, ಬುಡ ನೆಲಕ್ಕೆ ಅಂಟಿರಬೇಕು; ಬಗ್ಗಿಸಿ ಗೂಟ ಹೊಡೆದರೆ ಇನ್ನೂ ಒಳ್ಳೆಯದು.

ಕೂದಲಿನದು, ಸಾಬೂನಿನದು, ರಾತ್ರಿಯಿಡೀ ರೇಡಿಯೋ ಹಾಡಿಸುವುದರದು ಒಂದೇ ಹಣೆಬರಹ. ಹೊಸದಿರುವಾಗ ಅಂಜಿಕೆ, ಅಪಾಯವಿಲ್ಲ ಅಂತ ಗೊತ್ತಾದ ದಿನ ಸಸಾರ. ಅಲ್ಲದೆ ನಿಮ್ಮ ಕಡೆ ಆಷಾಢದ ಮಳೆಯಲ್ಲಿ ಯಾವ ವಾಸನೆ ನಿಲ್ಲುತ್ತದೆ ಹೇಳಿ.

ಹಾಗಾದರೆ ಏನು ಮಾಡುವುದು? ಹತ್ತು ಗುಂಟೆಗೂ ಬೇಲಿ ಹಾಕುವ ಯೋಚನೆ ಬಿಡಿ. ಎತ್ತರಕ್ಕೆ ಬೆಳೆದ ಅಡಿಕೆ, ತೆಂಗಿಗೆ ಜಿಂಕೆ ಏನೂ ಮಾಡದು. ತರಕಾರಿ ಪಾತಿಗಳನ್ನೆಲ್ಲ ಒಂದು ಕಡೆ ಸೇರಿಸಿ. ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಒಂದು ಇಕ್ಕಟ್ಟಿನ ಆವರಣ ಮಾಡಿ. ಬಯಲಿಗೆ ನೆಗೆಯುವ ಜಿಂಕೆ ಇಂಥ ಸಣ್ಣ ಜಾಗಕ್ಕೆ ನೆಗೆಯಲು ಅನುಮಾನಿಸುತ್ತದೆ, ಹೊರಗೆ ಹಾರಲು ಓಟಕ್ಕೆ ಜಾಗವಿಲ್ಲ ನೋಡಿ. ಒಳಗೆ ಅಡ್ಡಡ್ಡ ಬಳ್ಳಿಯ ಚಪ್ಪರ, ಕೋಲು ಇದ್ದರಂತೂ ಇನ್ನೂ ಕಷ್ಟ. ಇಷ್ಟು ಸಣ್ಣದಕ್ಕೆ ಐದಡಿ ಎತ್ತರದ ತಂತಿ ಬಲೆ ಸಾಕಾಗುತ್ತದೆ. ದೊಡ್ಡ ಬಯಲಿಗಾದರೆ ಏಳೆಂಟು ಅಡಿಗೆ ಕಡಿಮೆ ಆಗದು. ಮೀನು ಬಲೆಯನ್ನು ಸಡಿಲವಾಗಿ ಇಳಿಬಿಡಬೇಡಿ. ಗಂಡು ಜಿಂಕೆಯ ಕೊಂಬು ಸಿಕ್ಕಿಕೊಂಡು ರಾತ್ರಿಯಿಡೀ ಒದ್ದಾಡಿ ಸಾಯುತ್ತದೆ, ಕೇರೆಹಾವೂ ಸಿಕ್ಕಿ ಸಾಯುತ್ತದೆ.

ಜಾಗ ಇನ್ನೂ ಬೇಕು ಅಂದರೆ ಜೋಡಿ ಬೇಲಿ ನನಗೆ ಇಷ್ಟವಾದ ಉಪಾಯ. ನಾಲ್ಕಡಿ ಎತ್ತರದ ಎರಡು ಬೇಲಿ, ನಡುವೆ ನಾಲ್ಕೈದು ಅಡಿ ಓಣಿ. ಜಿಂಕೆ ಎತ್ತರ ಹಾರಬಲ್ಲದು, ಉದ್ದವೂ ಹಾರಬಲ್ಲದು, ಎರಡನ್ನೂ ಒಟ್ಟಿಗೆ ಅಂದಾಜು ಮಾಡಬೇಕಾದಾಗ ತಡವರಿಸುತ್ತದೆ. ನಡುವಿನ ಓಣಿ ದಂಡವಲ್ಲ, ಅರಿಶಿನ ಹಾಕಿ, ಅದಕ್ಕೆ ಜಿಂಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಹೊರಗಿನ ಸಾಲಿಗೆ ಆಡುಸೋಗೆ ಕಡ್ಡಿ ಊರಿ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ, ಇದೊಂದನ್ನು ಅದೂ ಮುಟ್ಟದು. ದಾಸವಾಳವನ್ನು ಬೇಲಿಗೆ ಹಾಕುವ ಪದ್ಧತಿ ನಮ್ಮಲ್ಲಿದೆ. ಜಿಂಕೆ ಬರುವ ಊರಲ್ಲಿ ಅದು ಬಾಗಿಲಲ್ಲಿ ಎಲೆ ಹಾಕಿ ಬಡಿಸಿದ ಹಾಗೆ.

ಮಲೆನಾಡಿನವರು ಐಬೆಕ್ಸ್ ಅಂತ ಕರೆಯುವ ಸೋಲಾರ್ ಬೇಲಿಯೂ ಆಗುತ್ತದೆ. ಅದರಲ್ಲಿ ಹರಿಯುವುದು ಕ್ಷಣಕ್ಷಣಕ್ಕೂ ಬಿಟ್ಟು ಬಿಟ್ಟು ಬರುವ ಹೊಡೆತ, ನೋವಾಗುತ್ತದೆ, ಕೊಲ್ಲುವುದಿಲ್ಲ. ಆದರೆ ಜಿಂಕೆಯ ದಟ್ಟ ಕೂದಲು ಹೊಡೆತವನ್ನು ತಡೆಯುತ್ತದೆ, ಮೂಗಿಗೆ ತಾಗಿದರೆ ಮಾತ್ರ ಪಾಠ. ಆದ್ದರಿಂದ ಮೂಗಿನ ಎತ್ತರಕ್ಕೆ, ಅಂದರೆ ಎರಡೂವರೆ ಅಡಿಯ ಆಸುಪಾಸಿಗೆ, ಒಂದು ತಂತಿ ಇರಲೇಬೇಕು. ಹುಲ್ಲು ತಾಗಿದರೆ ಕರೆಂಟೆಲ್ಲ ನೆಲಕ್ಕೆ ಹೋಗುತ್ತದೆ, ಹಾಗಾಗಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತಿ ಹಿಡಿಯಬೇಕು. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ಕೈಕೊಟ್ಟರೆ ಸರಳಿನ ಬುಡಕ್ಕೆ ನಾಲ್ಕು ಕೊಡ ನೀರು ಹುಯ್ಯಿರಿ. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವ ಮಾತು ಯಾರಾದರೂ ಆಡಿದರೆ ಅವರನ್ನು ಅಂಗಳದಿಂದಲೇ ಕಳಿಸಿ. ಅದಕ್ಕೆ ಮನುಷ್ಯರೇ ಸತ್ತಿದ್ದಾರೆ. ಉರುಳು ಹಾಕುವುದೂ ಅಷ್ಟೇ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ, ಜೊತೆಗೆ ಆ ಉರುಳಿಗೆ ಬೀಳುವುದು ಜಿಂಕೆಯೇ ಆಗಬೇಕೆಂದಿಲ್ಲ, ಚಿರತೆಯೂ ಬೀಳುತ್ತದೆ. ಇನ್ನು ನಾಯಿ ಕಟ್ಟೋಣ ಅಂದುಕೊಂಡಿದ್ದರೆ, ಚಿರತೆ ಓಡಾಡುವ ಕಡೆ ರಾತ್ರಿ ಹಿತ್ತಿಲಲ್ಲಿ ಕಟ್ಟಿದ ನಾಯಿ ಕಾವಲಿಗಿಂತ ಊಟಕ್ಕೇ ಹತ್ತಿರ.

ಪ್ರಶ್ನೆ: ನಾನು ಸಾಗರದ ಕಡೆಯವನು, ಈಗ ನ್ಯೂಜೆರ್ಸಿಯಲ್ಲಿ ಮನೆ. ಬೇಸಿಗೆಯ ನಾಲ್ಕು ತಿಂಗಳಲ್ಲಿ ಬೀನ್ಸ್, ಬದನೆ, ಹರಿವೆ ಬೆಳೆಯುವ ಆಸೆ. ಜಿಂಕೆಗಳು ಹಾಡುಹಗಲೇ ಬರುತ್ತವೆ. ನಮ್ಮ ಟೌನ್‌ಶಿಪ್‌ನಲ್ಲಿ ಆರಡಿಗಿಂತ ಎತ್ತರದ ಬೇಲಿಗೆ ಒಪ್ಪಿಗೆಯಿಲ್ಲ. ಅಂಗಡಿಯಲ್ಲಿ ಸಿಂಪಡಣೆ ಸಿಗುತ್ತದೆ, ಅದರಲ್ಲಿ ಮೊಟ್ಟೆ ಇದೆಯಂತೆ. ನಾವು ಮನೆಗೆ ಮೊಟ್ಟೆ ತರುವುದಿಲ್ಲ.
– ಓದುಗ, ನ್ಯೂಜೆರ್ಸಿ

ಉತ್ತರ: ನಿಮ್ಮದು ಬಿಳಿಬಾಲದ ಜಿಂಕೆ. ನಮ್ಮ ಚುಕ್ಕೆ ಜಿಂಕೆಗಿಂತ ಒಳ್ಳೆಯ ನೆಗೆತಗಾರ, ಅದಕ್ಕೇ ಅಲ್ಲಿಯವರು ಎಂಟಡಿ ಬೇಲಿಯ ಮಾತಾಡುವುದು. ಸಿಂಪಡಣೆಯಲ್ಲಿ ಮೊಟ್ಟೆ ಇರುವುದು ನಿಜ. ಕೊಳೆತ ಮೊಟ್ಟೆಯ ವಾಸನೆಗೆ ಜಿಂಕೆ ಹೇಸುತ್ತದೆ, ಇರುವ ಸಿಂಪಡಣೆಗಳಲ್ಲಿ ಅದೇ ವಾಸಿ. ಖಾರದ್ದೂ ಸಿಗುತ್ತದೆ. ಯಾವುದಾದರೂ ಹೊಸ ಚಿಗುರಿಗೆ, ಪ್ರತಿ ಮಳೆಯ ನಂತರ ಮತ್ತೆ ಹೊಡೆಯಬೇಕು. ಹೂಗಿಡಕ್ಕೆ ಸರಿ, ನಾಳೆ ಕೊಯ್ದು ಹುಳಿ ಮಾಡುವ ಹರಿವೆಗೆ ಯಾಕೆ? ಹಾಗಾಗಿ ನಿಮ್ಮ ಮಡಿಗೆ ಭಂಗವಿಲ್ಲದೆ ಬೇಲಿಗೇ ಬನ್ನಿ.

ಮೇಲೆ ಹೇಳಿದ ಇಕ್ಕಟ್ಟು ಆವರಣ ಆರಡಿಯೊಳಗೇ ಮುಗಿಯುತ್ತದೆ. ಹಿತ್ತಿಲ ಗಡಿಯ ಬೇಲಿಗೆ ಇರುವ ನಿಯಮ ಪಾತಿಯ ಸುತ್ತಲಿನ ಬಲೆಗೆ ಕೆಲವು ಟೌನ್‌ಶಿಪ್‌ಗಳಲ್ಲಿ ಅನ್ವಯಿಸದು, ಕಚೇರಿಯಲ್ಲಿ ಕೇಳಿ ನೋಡಿ. ಕಪ್ಪು ಪ್ಲಾಸ್ಟಿಕ್ ಬಲೆ ಹಾಕಿದರೆ ಮೊದಲ ತಿಂಗಳು ಬಿಳಿ ಪಟ್ಟಿ ಕಟ್ಟಿ, ಇಲ್ಲದಿದ್ದರೆ ಕಾಣದೆ ಓಡಿಬಂದು ಹರಿದುಬಿಡುತ್ತದೆ. ಕರಿಬೇವಿನ ಕುಂಡ ಡೆಕ್ ಮೇಲಿರಲಿ. ಹೂಗಿಡ ಕೊಳ್ಳುವ ಮುಂಚೆ ನಿಮ್ಮದೇ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯದ ಪಟ್ಟಿ ನೋಡಿ. ಯಾವ ಗಿಡವನ್ನು ಜಿಂಕೆ ಎಷ್ಟು ತಿನ್ನುತ್ತದೆ ಅಂತ ದರ್ಜೆ ಹಾಕಿದ್ದಾರೆ. ಡ್ಯಾಫೊಡಿಲ್ ವಿಷದ ಗಡ್ಡೆ, ಮುಟ್ಟುವುದಿಲ್ಲ. ಟ್ಯುಲಿಪ್, ಹೋಸ್ಟಾ ಅಂದರೆ ಪಂಚಪ್ರಾಣ.

ನೀವು ಸಾಗರದವರಾದ್ದರಿಂದ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡಿದಂತೆ ಅಲ್ಲಿ ಲೈಮ್ ರೋಗ ಹರಡುವುದೂ ಉಣುಗಿನಿಂದಲೇ. ಜಿಂಕೆಯಿಂದ ನೇರ ಬರುವುದಿಲ್ಲ, ಅದು ಉಣುಗನ್ನು ಹೊತ್ತು ತರುತ್ತದೆ. ತೋಟದಿಂದ ಬಂದ ಮೇಲೆ ಮಕ್ಕಳ ಮಂಡಿಯ ಹಿಂದೆ, ಕಿವಿಯ ಸಂದು, ತಲೆಕೂದಲು ತಡವಿ ನೋಡಿ.

ಪ್ರಶ್ನೆ: ಕಾಫಿ ಗಿಡದ ಬುಡದಲ್ಲಿ ಜಿಂಕೆ ಮರಿಯೊಂದು ಬೆಳಿಗ್ಗೆಯಿಂದ ಅಲ್ಲಾಡದೆ ಮಲಗಿದೆ. ತಾಯಿ ಕಾಣುತ್ತಿಲ್ಲ. ಹಾಲು ಕುಡಿಸಲೇ?
– ವಿದ್ಯಾರ್ಥಿನಿ, ಕೊಡಗು

ಉತ್ತರ: ಬೇಡ, ಮುಟ್ಟಲೂ ಬೇಡ. ತಾಯಿ ಬೇಕೆಂದೇ ಬಚ್ಚಿಟ್ಟು ಮೇಯಲು ಹೋಗಿದೆ, ಮರಿ ಅಲ್ಲಾಡದಿರುವುದು ಅದರ ರಕ್ಷಣೆ. ಹಸುವಿನ ಹಾಲು ಕುಡಿಸಿದರೆ ಭೇದಿ ಹತ್ತಬಹುದು. ಮನೆಗೆ ತಂದು ಸಾಕಿದರೆ ಕೇಸು. ನಾಯಿಯನ್ನು ಒಳಗೆ ಕಟ್ಟಿ, ಕೆಲಸದವರಿಗೆ ಆ ಸಾಲಿಗೆ ಹೋಗಬೇಡಿ ಅಂತ ಹೇಳಿ, ಸಂಜೆ ಹಿತ್ತಿಲ ದೀಪ ಆರಿಸಿಬಿಡಿ. ನಾಳೆ ಬೆಳಿಗ್ಗೆಯೂ ಮರಿ ಅಲ್ಲೇ ಇದ್ದು ಕೂಗುತ್ತಿದ್ದರೆ, ಇಲ್ಲವೇ ಮೈಮೇಲೆ ಗಾಯ, ನೊಣ ಕಂಡರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ.