ಬ್ಯಾಂಡ್ 3 ಬಂದಿದೆ, ‘ನಾನು ಒಳ್ಳೆಯವಳಲ್ಲವಾ’ ಅಂತ ಮಗಳು ಕೇಳ್ತಾಳೆ

ಪ್ರಶ್ನೆ: ನಾವು ಹಾಸನದ ಕಡೆಯವರು. ಹನ್ನೆರಡು ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಮಗಳಿಗೆ ಡಾಕ್ಟರಾಗುವ ಆಸೆ, ಈ ಬೇಸಿಗೆಯಲ್ಲಿ ಇಲ್ಲಿನ ಮೆಡಿಕಲ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಯುಕ್ಯಾಟ್ ಬರೆಯುತ್ತಾಳೆ. ಲೆಕ್ಕ, ತರ್ಕದ ಭಾಗಗಳಲ್ಲಿ ತೊಂದರೆಯಿಲ್ಲ. ಆದರೆ ಸಿಚುಯೇಶನಲ್ ಜಡ್ಜ್‌ಮೆಂಟ್ ಭಾಗದಲ್ಲಿ ಎರಡು ಅಭ್ಯಾಸ ಪರೀಕ್ಷೆಯಲ್ಲೂ ಬ್ಯಾಂಡ್ 3 ಬಂತು (1 ಎಲ್ಲಕ್ಕಿಂತ ಮೇಲು, 4 ಎಲ್ಲಕ್ಕಿಂತ ಕೆಳಗೆ). ‘ನಾನು ಒಳ್ಳೆಯವಳಲ್ಲವಾ ಅಮ್ಮ?’ ಎಂದು ಕೇಳಿದಳು. ಏನು ಹೇಳಬೇಕೋ ತೋಚಲಿಲ್ಲ. ಇದನ್ನು ಓದಿ ಕಲಿಯಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಆ ಮಗುವಿಗೆ ಮೊದಲು ಧೈರ್ಯ ಹೇಳಿ. ಈ ಭಾಗದಲ್ಲಿ ಕೇಳುವುದು ಇಷ್ಟೇ: ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಇಕ್ಕಟ್ಟು ಎದುರಾದಾಗ ವಿದ್ಯಾರ್ಥಿಯಾದವರು ಯಾರಿಗೆ, ಯಾವಾಗ, ಎಷ್ಟರಮಟ್ಟಿಗೆ ಬಾಯಿಬಿಡಬೇಕು? ನಮ್ಮ ಮನೆಗಳಲ್ಲಿ ತುಂಬ ಚೆನ್ನಾಗಿ ಬೆಳೆದ ಮಕ್ಕಳೇ ಇಲ್ಲಿ ಎಡವುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದಕ್ಕೆ ಕಾರಣವಿದೆ.

ಒಂದು ಸನ್ನಿವೇಶ ನೋಡಿ. ವಾರ್ಡಿನಲ್ಲಿ ರೌಂಡ್ಸ್ ನಡೆಯುತ್ತಿದೆ. ಹಿರಿಯ ವೈದ್ಯರಾದ ಕನ್ಸಲ್ಟೆಂಟ್, ರೋಗಿಯೊಬ್ಬರ ಹೊಟ್ಟೆ ಮುಟ್ಟಿ ನೋಡಿ, ಕೈ ತೊಳೆಯದೆ ಪಕ್ಕದ ಹಾಸಿಗೆಗೆ ಹೊರಟರು. ಹಿಂದೆ ನಿಂತ ವಿದ್ಯಾರ್ಥಿನಿ ಗಮನಿಸಿದಳು. ‘ಹಿರಿಯರು, ಅವರಿಗೆ ಗೊತ್ತಿರುತ್ತದೆ’ ಎಂದು ಸುಮ್ಮನಿರುವುದು ಎಷ್ಟು ಸರಿ? ಉತ್ತರಕ್ಕೆ ನಾಲ್ಕು ಮೆಟ್ಟಿಲು: ತುಂಬ ಸೂಕ್ತ, ಸೂಕ್ತ ಆದರೆ ಉತ್ತಮವಲ್ಲ, ಸೂಕ್ತವಲ್ಲ ಆದರೆ ತೀರ ಕೆಟ್ಟದ್ದಲ್ಲ, ಖಂಡಿತ ಸೂಕ್ತವಲ್ಲ. ನಮ್ಮ ಮಕ್ಕಳು ಎರಡನೆಯದಕ್ಕೋ ಮೂರನೆಯದಕ್ಕೋ ಗುರುತು ಹಾಕುತ್ತಾರೆ. ದೊಡ್ಡವರಿಗೆ ಎದುರಾಡಬಾರದು ಎಂದು ಕೇಳಿ ಬೆಳೆದವರಲ್ಲವೇ! ಆದರೆ ಆ ಮೌನದ ಬೆಲೆ ತೆರುವವರು ಪಕ್ಕದ ಹಾಸಿಗೆಯ ರೋಗಿ. ಹಾಗಾಗಿ ಅದು ನಾಲ್ಕನೆಯ ಮೆಟ್ಟಿಲಿಗೇ ಸೇರಬೇಕು. ಹತ್ತಿರ ಹೋಗಿ, ಜೆಲ್ ಬಾಟಲಿ ಮುಂದೆ ಹಿಡಿದು, ‘ಸರ್, ಕೈಗೆ ಹಾಕಿಕೊಳ್ತೀರಾ?’ ಎಂದು ಮೆಲ್ಲಗೆ ಕೇಳುವುದು ತುಂಬ ಸೂಕ್ತ. ರೌಂಡ್ಸ್ ಮುಗಿದ ಮೇಲೆ ನರ್ಸ್‌ಗೆ ಹೇಳುವುದೋ? ಹೇಳಿದ್ದು ತಪ್ಪಲ್ಲ, ಆದರೆ ಅಷ್ಟರಲ್ಲಿ ಆ ರೋಗಿಯನ್ನು ಮುಟ್ಟಿ ಆಗಿರುತ್ತದೆ. ನಾನಾದರೆ ಮೂರನೆಯದಕ್ಕೆ ಹಾಕುತ್ತೇನೆ. ಅವತ್ತೇ ನೇರವಾಗಿ ಬ್ರಿಟನ್ನಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್‌ಗೆ ದೂರು ಬರೆಯುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ.

ನಮ್ಮ ಮಕ್ಕಳ ಇನ್ನೊಂದು ಎಡವು, ಅಯ್ಯೋ ಪಾಪ ಎಂದು ಮಾತು ಕೊಟ್ಟುಬಿಡುವುದು. ಅಜ್ಜಿಯೊಬ್ಬರು ‘ಮಾತ್ರೆ ನಿಲ್ಲಿಸಿದ್ದೀನಿ, ಡಾಕ್ಟರಿಗೆ ಹೇಳಬೇಡ ಮಗಳೇ’ ಎಂದರೆ, ‘ಆಯ್ತಜ್ಜಿ’ ಎನ್ನುವ ಹಾಗಿಲ್ಲ. ಯಾಕೆ ನಿಲ್ಲಿಸಿದರೆಂದು ವಿಚಾರಿಸಬಹುದು, ನೀವೇ ಡಾಕ್ಟರಿಗೆ ಹೇಳಿ ಎಂದು ಒಪ್ಪಿಸಲು ನೋಡಬಹುದು, ಚಿಕಿತ್ಸೆಗೆ ಬೇಕಾದ ವಿಷಯವನ್ನು ವೈದ್ಯರ ತಂಡದಿಂದ ಮುಚ್ಚಿಡಲಾರೆ ಎಂದು ನಯವಾಗಿ ತಿಳಿಸಬಹುದು. ‘ಹಾಗಾದರೆ ಅರ್ಧ ಮಾತ್ರೆ ತಗೊಳ್ಳಿ’ ಎಂದು ಸಲಹೆ ಕೊಟ್ಟರೆ ಮಾತ್ರ ಕೆಟ್ಟಿತು. ಅವಳಿನ್ನೂ ವಿದ್ಯಾರ್ಥಿನಿ.

ಈ ಭಾಗದ ಮರ್ಮ ಎರಡಿವೆ. 26 ನಿಮಿಷದಲ್ಲಿ 69 ಪ್ರಶ್ನೆ, ಒಂದಕ್ಕೆ 22 ಸೆಕೆಂಡಿನ ಆಸುಪಾಸು. ಸರಿಯುತ್ತರದ ಹತ್ತಿರ ಬಂದರೂ ಸ್ವಲ್ಪ ಅಂಕ ಸಿಗುತ್ತದೆ. ಹಾಗಾಗಿ ಮೊದಲು ಸೂಕ್ತವೋ ಅಲ್ಲವೋ ಎಂಬ ಮಗ್ಗುಲು ಗಟ್ಟಿಮಾಡಿಕೊಳ್ಳಲಿ, ಆಮೇಲೆ ಎಷ್ಟು ಎಂಬುದು. ಎರಡನೆಯದು ಇದಕ್ಕಿಂತ ಮುಖ್ಯ. ಅಲ್ಲಿ ಹೇಳಿರುವ ನಡೆಯೊಂದನ್ನೇ ಮಾಡಿ ಸುಮ್ಮನಾಗುತ್ತಾರೆ ಎಂದು ಎಣಿಸಬಾರದು. ‘ರೋಗಿಯ ಕ್ಷಮೆ ಕೇಳುವುದು’ ಎಂದಿದ್ದರೆ, ಅಷ್ಟರಿಂದ ಎಲ್ಲ ಸರಿಹೋಗುತ್ತದೆಯೇ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ. ಅದು ಒಳ್ಳೆಯ ಹೆಜ್ಜೆಯೇ ಎಂದು ನೋಡಿದರೆ ಸಾಕು. ಜಾಣ ಮಕ್ಕಳು ಅಂಕ ಬಿಟ್ಟುಕೊಡುವುದು ಹೆಚ್ಚಾಗಿ ಇಲ್ಲೇ.

ಓದಬೇಕಾದದ್ದು ಜನರಲ್ ಮೆಡಿಕಲ್ ಕೌನ್ಸಿಲ್‌ ವೈದ್ಯರಿಗಾಗಿ ಹೊರತಂದ ನಡವಳಿಕೆಯ ಕೈಪಿಡಿ ‘ಗುಡ್ ಮೆಡಿಕಲ್ ಪ್ರಾಕ್ಟೀಸ್’. 2024ರ ಜನವರಿ 30ರಿಂದ ಜಾರಿಗೆ ಬಂದ ಆವೃತ್ತಿಯನ್ನೇ ಓದಲಿ. ಯುಕ್ಯಾಟ್‌ನವರದೇ ಜಾಲತಾಣದಲ್ಲಿ ಅಭ್ಯಾಸ ಪರೀಕ್ಷೆಗಳು ಪುಕ್ಕಟೆ ಸಿಗುತ್ತವೆ. ಈ ಭಾಗಕ್ಕೆಂದು ದುಡ್ಡು ಸುರಿದು ಕೋಚಿಂಗ್ ಬೇಕೆಂದು ನನಗನ್ನಿಸುವುದಿಲ್ಲ. ನೀವೇ ಒಂದು ಕೆಲಸ ಮಾಡಿ. ರಾತ್ರಿ ಊಟಕ್ಕೆ ಕೂತಾಗ ಅವಳು ತಪ್ಪು ಮಾಡಿದ ಒಂದು ಸನ್ನಿವೇಶವನ್ನು ಕನ್ನಡದಲ್ಲಿ ಹೇಳಿಸಿ, ‘ಇದು ಯಾಕೆ ತಪ್ಪು?’ ಎಂದು ಕೇಳಿ. ಅಮ್ಮನಿಗೆ ಅರ್ಥವಾಗುವ ಹಾಗೆ ಕಾರಣ ಹೇಳಲು ಬಂದರೆ ಅವಳಿಗೆ ವಿಷಯ ದಕ್ಕಿದೆ ಎಂದೇ ಲೆಕ್ಕ.

ಈ ಭಾಗದ ಫಲಿತಾಂಶ ಉಳಿದ ಭಾಗಗಳ 2700 ಅಂಕದ ಮೊತ್ತಕ್ಕೆ ಸೇರುವುದಿಲ್ಲ, ಬ್ಯಾಂಡ್ 1ರಿಂದ 4ರವರೆಗೆ ಪ್ರತ್ಯೇಕ. ಬ್ಯಾಂಡ್ 4 ಬಂದವರನ್ನು ಕೆಲವು ವಿಶ್ವವಿದ್ಯಾಲಯಗಳು ಪರಿಗಣಿಸುವುದೇ ಇಲ್ಲ, ಕೆಲವು ಬ್ಯಾಂಡಿಗೆ ತಕ್ಕಂತೆ ಅಂಕ ಕೊಡುತ್ತವೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಯುಕಾಸ್‌ನಲ್ಲಿ ವೈದ್ಯಕೀಯಕ್ಕೆ ಅಕ್ಟೋಬರ್ 15 ಕೊನೆಯ ದಿನ. ಅಷ್ಟರೊಳಗೆ ಅವಳು ಆರಿಸುವ ಕಾಲೇಜುಗಳ ಈ ವರ್ಷದ ನಿಯಮ ಓದಿಕೊಳ್ಳಲಿ. ಪರೀಕ್ಷೆ ವರ್ಷಕ್ಕೆ ಒಂದೇ ಸಲ.

ಪ್ರಶ್ನೆ: ದಾವಣಗೆರೆಯಲ್ಲಿ ದ್ವಿತೀಯ ಪಿಯು ಓದುತ್ತಿದ್ದೇನೆ. ನೀಟ್‌ನಲ್ಲೂ ಇಂಥ ಪ್ರಶ್ನೆ ಬರುತ್ತವೆಯೇ?

ಉತ್ತರ: ಇಲ್ಲ. ನೀಟ್‌ನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮಾತ್ರ. ಆದರೆ ಎಂಬಿಬಿಎಸ್‌ಗೆ ಸೇರಿದ ಮೇಲೆ ಬರುತ್ತದೆ: 2019ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ‘ಏಟ್‌ಕಾಮ್’ ಎಂಬ ಭಾಗವಿದೆ. ನಡವಳಿಕೆ, ನೈತಿಕತೆ, ರೋಗಿಯೊಡನೆ ಮಾತುಕತೆ ಅದರ ವಿಷಯ. ಸದ್ಯಕ್ಕೆ ಎನ್‌ಸಿಇಆರ್‌ಟಿ ಪುಸ್ತಕ ಬಿಡಬೇಡಿ. ಬ್ರಿಟನ್ನಿನಂಥ ಕಡೆ ಡಾಕ್ಟರಿ ಓದಲು ಹೋಗುವ ಯೋಚನೆಯಿದ್ದರೆ ಮಾತ್ರ ಯುಕ್ಯಾಟ್ ಬೇಕು, ಅದನ್ನು ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಕಂಪನಿಯ ಭಾರತದ ಕೇಂದ್ರದಲ್ಲೇ ಬರೆಯಬಹುದು.