ಕಲ್ಪನೆಯ ನಾಡಿಗೆ ನಕ್ಷೆ ಮಾಡುವುದು ಹೇಗೆ? ಮೊದಲು ನದಿ ಹರಿಸಿ

ನೀವು ಕಾದಂಬರಿ ಬರೆಯುತ್ತಿದ್ದೀರಿ. ಅದರ ಕಲ್ಪನೆಯ ರಾಜ್ಯಕ್ಕೆ ಒಂದು ನಕ್ಷೆ ಬೇಕು. ಚಿತ್ರ ಬಿಡಿಸಿ ಅಭ್ಯಾಸ ಇಲ್ಲ, ಫೋಟೋಶಾಪ್‌ಗೆ ದುಡ್ಡು ಹಾಕುವ ಮನಸ್ಸೂ ಇಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಡಿಸೈನ್ ಕೆಲಸ ಮಾಡುವವನು. ಹಗಲು ಮದುವೆ ಕಾಗದ, ಜಾತ್ರೆಯ ಬ್ಯಾನರ್. ರಾತ್ರಿ ಸಮಯ ಸಿಕ್ಕಿದಾಗ ಇಂಥ ನಕ್ಷೆಗಳು. ಇದು ನನಗೆ ತುಂಬಾ ಇಷ್ಟದ ಕೆಲಸ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆದೀತು.

ಸಾಫ್ಟ್‌ವೇರ್ ವಿಷಯ ಬೇಗ ಮುಗಿಸುತ್ತೇನೆ. ಚಿತ್ರ ತಿದ್ದುವ ಗಿಂಪ್ ಸಾಕು. ಉಚಿತ. 2025ರಲ್ಲಿ ಬಂದ 3.0 ಅಥವಾ ಅದಕ್ಕಿಂತ ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಿ. ಅದರಲ್ಲಿ ಫಿಲ್ಟರ್ ಹಾಕಿದ ಮೇಲೂ ಹಿಂದೆ ಹೋಗಿ ಅಳತೆ ಬದಲಿಸಬಹುದು. ಪೆನ್ ಟ್ಯಾಬ್ಲೆಟ್ ಇದ್ದರೆ ಕ್ರಿಟಾ ಇನ್ನೂ ಹಿತ. ಅದೂ ಉಚಿತ. ಇಲ್ಲದಿದ್ದರೆ ಮೌಸ್ ಧಾರಾಳ ಸಾಕು, ನಾನು ಎಷ್ಟೋ ನಕ್ಷೆ ಮೌಸಿನಲ್ಲೇ ಮಾಡಿದ್ದೇನೆ.

ಆದರೆ ಮೊದಲ ದಿನ ಕಂಪ್ಯೂಟರ್ ತೆರೆಯಬೇಡಿ ಮಾರಾಯ್ರೆ. ಕಾಗದ, ಪೆನ್ಸಿಲ್ ಹಿಡಿದು ಕೂತುಕೊಳ್ಳಿ.

ಯಾಕೆ ಅಂತ ಹೇಳುತ್ತೇನೆ. ನಾನು ಮೊದಲ ನಕ್ಷೆ ಮಾಡಿದ್ದು ಅಕ್ಕನ ಮಗಳಿಗೆ. ಅವಳು ಶಾಲೆಯ ನೋಟ್‌ಬುಕ್ಕಿನಲ್ಲಿ ಒಂದು ದೊಡ್ಡ ಕಥೆ ಬರೆದಿದ್ದಳು. ದ್ವೀಪ, ರಾಣಿ, ದೋಣಿಯಲ್ಲಿ ಓಡಿಹೋಗುವ ಹುಡುಗಿ. ನಾನು ಎರಡು ವಾರ ಕೂತು ಚೆಂದದ ನಕ್ಷೆ ಮಾಡಿದೆ. ಹಳೆ ಕಾಗದದ ಬಣ್ಣ, ಮೂಲೆಯಲ್ಲಿ ದಿಕ್ಸೂಚಿ, ದ್ವೀಪದ ನಡುವೆ ಉದ್ದಕ್ಕೆ ಒಂದು ನೀಲಿ ನದಿ. ಅವಳು ತುಂಬಾ ಹೊತ್ತು ನೋಡಿ ಕೇಳಿದಳು, "ಮಾವ, ಈ ನದಿ ಯಾವ ಕಡೆಗೆ ಹರಿಯುವುದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ನದಿ ಒಂದು ಸಮುದ್ರದಿಂದ ಇನ್ನೊಂದು ಸಮುದ್ರಕ್ಕೆ ಹೋಗಿತ್ತು. ಅದಕ್ಕೆ ಹುಟ್ಟೂ ಇರಲಿಲ್ಲ, ಇಳಿಜಾರೂ ಇರಲಿಲ್ಲ. ಹುಡುಗಿಯ ದೋಣಿ ಹೊಳೆಯ ಜೊತೆ ಹೋಗುತ್ತದಾ, ಎದುರಾಗಿ ಹೋಗುತ್ತದಾ ಅನ್ನುವುದು ಅವಳ ಕಥೆಗೆ ಮುಖ್ಯ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವತ್ತಿನಿಂದ ನಾನು ಯಾವ ನಕ್ಷೆಯನ್ನೂ ನೀರು ಹರಿಸದೆ ಶುರು ಮಾಡುವುದಿಲ್ಲ.

ಕಾಗದದ ಮೇಲೆ ಮೊದಲು ಘಟ್ಟ ಎಲ್ಲಿ ಅಂತ ಒಂದು ಗೆರೆ ಎಳೆಯಿರಿ. ಆಮೇಲೆ ಮಳೆಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಒಂದು ಬಾಣ ಹಾಕಿ. ಉಳಿದದ್ದು ಹೆಚ್ಚುಕಡಿಮೆ ತಾನಾಗಿಯೇ ಬರುತ್ತದೆ. ನಮ್ಮ ಕರಾವಳಿಯನ್ನೇ ನೋಡಿ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ತಾಗಿ ಆಗುಂಬೆಯಲ್ಲಿ ಸುರಿಯುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಹೋಗುತ್ತಾ ಹೋಗುತ್ತಾ ಬಯಲುಸೀಮೆ. ಅಂದರೆ ನಿಮ್ಮ ನಕ್ಷೆಯಲ್ಲಿ ಬೆಟ್ಟದ ಸಾಲಿನ ಒಂದು ಮಗ್ಗುಲಲ್ಲಿ ಕಾಡು ಹಾಕಿದರೆ ಇನ್ನೊಂದು ಮಗ್ಗುಲಲ್ಲಿ ಮರ ಕಡಿಮೆ ಹಾಕಬೇಕು. ಎರಡೂ ಕಡೆ ಒಂದೇ ಹಸಿರು ಹಾಕಿದರೆ ಆ ಬೆಟ್ಟ ಬರೇ ಅಲಂಕಾರ.

ನದಿಗೂ ಹಾಗೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಕುದುರೆಮುಖದ ಕಡೆಯ ಗಂಗಾಮೂಲದ ಆಸುಪಾಸಿನಲ್ಲಿ. ಆದರೆ ತುಂಗಾ, ಭದ್ರಾ ಪೂರ್ವಕ್ಕೆ ಹೋಗಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿ ತಲುಪುತ್ತವೆ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಬೆಟ್ಟ, ಎರಡು ಸಮುದ್ರ. ನಿಮ್ಮ ಕಾದಂಬರಿಯಲ್ಲಿ ಎರಡು ರಾಜ್ಯದ ಗಡಿ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಗಡಿ ಇನ್ನೆಲ್ಲಿ ಸಿಗುತ್ತದೆ?

ಇನ್ನೊಂದು ಮಾತು. ನದಿಗಳು ಕೆಳಗೆ ಬರುತ್ತಾ ಒಂದಕ್ಕೊಂದು ಸೇರುತ್ತವೆ. ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಬಂದು ನೇತ್ರಾವತಿಗೆ ಸೇರುತ್ತದಲ್ಲ, ಹಾಗೆ. ಹೊಸಬರ ನಕ್ಷೆಯಲ್ಲಿ ನಾನು ಜಾಸ್ತಿ ನೋಡುವ ತಪ್ಪು, ಒಂದು ನದಿ ನಡುದಾರಿಯಲ್ಲಿ ಎರಡಾಗಿ ಒಡೆದು ಎರಡು ದಿಕ್ಕಿಗೆ ಹೋಗುವುದು. ಹಾಗೆ ಕವಲೊಡೆಯುವುದು ಸಾಮಾನ್ಯವಾಗಿ ಸಮುದ್ರದ ಹತ್ತಿರ, ನೆಲ ಮಟ್ಟಸ ಆದ ಮೇಲೆ.

ಆ ಸಮುದ್ರದ ಹತ್ತಿರದ ಭಾಗವೇ ನನಗೆ ಎಲ್ಲಕ್ಕಿಂತ ಇಷ್ಟ. ಮಂಗಳೂರಿನ ಅಳಿವೆಬಾಗಿಲು ನೋಡಿ. ಉತ್ತರದಿಂದ ಗುರುಪುರ ನದಿ ಕಡಲಿಗೆ ಸಮಾನಾಂತರವಾಗಿ ಇಳಿದು ಬರುತ್ತದೆ, ಪೂರ್ವದ ಕಡೆಯಿಂದ ನೇತ್ರಾವತಿ. ನಡುವೆ ಬೆಂಗ್ರೆಯ ಮರಳಿನ ಪಟ್ಟಿ ನದಿಗೂ ಕಡಲಿಗೂ ಅಡ್ಡ ಮಲಗಿದೆ. ಮರವಂತೆಯಲ್ಲಿ ಸೌಪರ್ಣಿಕಾ ಸಮುದ್ರಕ್ಕೆ ಇನ್ನೇನು ಮುಟ್ಟಿತು ಅನ್ನುವಷ್ಟು ಹತ್ತಿರ ಬಂದು, ಅಲ್ಲಿಂದ ತಿರುಗಿ, ಗಂಗೊಳ್ಳಿಯ ಕಡೆಗೆ ಹೋಗಿ ಕಡಲು ಸೇರುತ್ತದೆ. ಹೆದ್ದಾರಿಯ ಒಂದು ಬದಿಯಲ್ಲಿ ಅಲೆ, ಇನ್ನೊಂದು ಬದಿಯಲ್ಲಿ ಹೊಳೆ. ಉಡುಪಿ ಕಡೆ ಕೋಡಿಬೆಂಗ್ರೆಗೆ ಹೋದರೂ ಹೀಗೇ ಒಂದು ಸಪೂರ ನೆಲ. ಇಂಥದ್ದು ಒಂದು ನಿಮ್ಮ ನಕ್ಷೆಯಲ್ಲಿ ಇರಲಿ. ಅಲ್ಲಿ ತಾನಾಗಿಯೇ ದೋಣಿ ದಾಟುವ ಒಂದು ಕಡವು ಬರುತ್ತದೆ, ಒಂದು ಕಾವಲು ಕೋಟೆ ಬರುತ್ತದೆ, ಮರಳಿಗೆ ತಾಗಿ ನಿಂತುಹೋಗುವ ಹಡಗು ಬರುತ್ತದೆ.

ಈಗ ಗಿಂಪ್ ತೆರೆಯಿರಿ.

ಎ3 ಅಳತೆಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 4961 × 3508 ಬೇಕು. ಚಿಕ್ಕದಾಗಿ ಶುರು ಮಾಡಿ ಆಮೇಲೆ ಹಿಗ್ಗಿಸಿದರೆ ಗೆರೆಗಳು ಮಬ್ಬಾಗುತ್ತವೆ, ಮೊದಲೇ ದೊಡ್ಡದು ಮಾಡಿ. ಹಾಳೆ ಪೂರ್ತಿ ಕಪ್ಪು ತುಂಬಿ. ನಿಮ್ಮ ಪೆನ್ಸಿಲ್ ಚಿತ್ರ ನೋಡಿಕೊಂಡು ನೆಲದ ಆಕಾರವನ್ನು ಬಿಳಿ ಬ್ರಶ್‌ನಲ್ಲಿ ಒರಟಾಗಿ ತುಂಬಿ. ಅದಕ್ಕೆ ಗಾಸಿಯನ್ ಬ್ಲರ್ ಹಾಕಿ, ಅಳತೆ ನೂರರ ಆಸುಪಾಸು. ಅಂಚು ಹೊಗೆಯ ಹಾಗೆ ಆಗುತ್ತದೆ. ಮೇಲೆ ಹೊಸ ಲೇಯರ್ (ಚಿತ್ರದ ಮೇಲೆ ಇಡುವ ಬೇರೆ ಪದರ) ಇಟ್ಟು, ಫಿಲ್ಟರ್ಸ್ ಮೆನುವಿನ ರೆಂಡರ್ ಒಳಗೆ ಇರುವ ಸಾಲಿಡ್ ನಾಯ್ಸ್ ಹಾಕಿ. ಡೀಟೇಲ್ ಪೂರ್ತಿ ಏರಿಸಿ. ಆ ಲೇಯರಿನ ಮೋಡ್ ‘ಓವರ್‌ಲೇ’ ಮಾಡಿ.

ಓವರ್‌ಲೇ ಯಾಕೆ ಅಂದರೆ, ಅದು ಅಚ್ಚ ಕಪ್ಪನ್ನೂ ಅಚ್ಚ ಬಿಳಿಯನ್ನೂ ಮುಟ್ಟುವುದಿಲ್ಲ. ನಡುವಿನ ಬೂದು ಬಣ್ಣದಲ್ಲಿ ಮಾತ್ರ ಕೆಲಸ ಮಾಡುತ್ತದೆ. ನಮಗೆ ಬೂದು ಇರುವುದು ಕರಾವಳಿಯ ಅಂಚಿನಲ್ಲಿ ಮಾತ್ರ ಅಲ್ವಾ? ಹಾಗಾಗಿ ನಿಮ್ಮ ನೆಲದ ಆಕಾರ ಹಾಗೇ ಉಳಿದು, ಅಂಚು ಮಾತ್ರ ಒಡೆಯುತ್ತದೆ. ಈಗ ‘ನ್ಯೂ ಫ್ರಮ್ ವಿಸಿಬಲ್’ ಕೊಟ್ಟು ಹೊಸ ಲೇಯರ್ ಮಾಡಿ, ಕಲರ್ಸ್ ಮೆನುವಿನ ಥ್ರೆಶೋಲ್ಡ್ ತೆರೆಯಿರಿ, ಅದು ಬೂದನ್ನೆಲ್ಲ ಕಪ್ಪು ಇಲ್ಲವೇ ಬಿಳಿ ಮಾಡುತ್ತದೆ. ಪಟ್ಟಿ ಎಳೆದ ಹಾಗೆ ಸಮುದ್ರ ಏರುತ್ತದೆ, ಇಳಿಯುತ್ತದೆ. ಕೊಲ್ಲಿ, ಕುದ್ರು (ಹೊಳೆ ನಡುವಿನ ನೆಲ), ಹಿನ್ನೀರು ಎಲ್ಲ ಕಣ್ಣೆದುರೇ ಹುಟ್ಟುತ್ತವೆ. ಇಷ್ಟು ವರ್ಷ ಆದರೂ ಈ ಹೆಜ್ಜೆಗೆ ಬಂದಾಗ ನನಗೆ ಖುಷಿ ಆಗುತ್ತದೆ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಫಿಲ್ಟರ್ ಕೊಟ್ಟ ಅಂಚು ಎಲ್ಲ ಕಡೆ ಒಂದೇ ಥರ ಚೂರುಚೂರಾಗಿ ಇರುತ್ತದೆ. ನಿಜವಾದ ಕಡಲತೀರ ಹಾಗಿಲ್ಲ. ಪಣಂಬೂರಿನಲ್ಲಿ ನಿಂತು ನೋಡಿದರೆ ಮರಳು ಎಷ್ಟು ನೇರ! ಮಲ್ಪೆಯ ಎದುರು ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಕಂಬದ ಹಾಗೆ ನಿಂತ ಜ್ವಾಲಾಮುಖಿ ಕಲ್ಲುಗಳು. ಹಾಗಾಗಿ ಮರಳಿನ ತೀರ ಇರುವಲ್ಲಿ ಬ್ರಶ್ ಹಿಡಿದು ಅಂಚನ್ನು ನಯ ಮಾಡಿ, ಬಂಡೆ ಇರುವಲ್ಲಿ ಹಾಗೇ ಬಿಡಿ. ಅರ್ಥ ಇಲ್ಲದ ಚಿಕ್ಕ ಚುಕ್ಕೆಗಳನ್ನು ಅಳಿಸಿ. ಅರ್ಧ ಗಂಟೆಯ ಕೆಲಸ. ಬೇರೆಯವರ ನಕ್ಷೆಗೂ ನಿಮ್ಮದಕ್ಕೂ ವ್ಯತ್ಯಾಸ ಬರುವುದು ಇಲ್ಲೇ.

ತೀರದ ಸುತ್ತ ಹಳೆ ನಕ್ಷೆಗಳಲ್ಲಿ ಇರುವ ಅಲೆಯ ಗೆರೆಗಳು ಸುಲಭ. ನೆಲವನ್ನು ಬಣ್ಣದಿಂದ ಸೆಲೆಕ್ಟ್ ಮಾಡಿ, ಆ ಆಯ್ಕೆಯನ್ನು ಹಿಗ್ಗಿಸುವ ‘ಗ್ರೋ’ಗೆ 14 ಪಿಕ್ಸೆಲ್ ಕೊಟ್ಟು, ಹೊಸ ಲೇಯರಿನಲ್ಲಿ ಸಪೂರ ಗೆರೆ ಎಳೆಸಿ. ಮತ್ತೆ 22, ಮತ್ತೆ 34. ಹೊರಗೆ ಹೋದ ಹಾಗೆ ಗೆರೆ ತೆಳುವಾಗಲಿ.

ಬೆಟ್ಟಕ್ಕೆ ಚಿತ್ರಕಲೆ ಗೊತ್ತಿರಬೇಕಾಗಿಲ್ಲ. ಕಾಗದದ ಮೇಲೆ ಕಪ್ಪು ಪೆನ್ನಿನಲ್ಲಿ ಏಳೆಂಟು ಬೆಟ್ಟ ಬಿಡಿಸಿ ಫೋನಿನಲ್ಲಿ ಫೋಟೋ ತೆಗೆಯಿರಿ. ಒಂದೊಂದನ್ನೇ ಕತ್ತರಿಸಿ ಹೊಸ ಬ್ರಶ್ ಆಗಿ ಪೇಸ್ಟ್ ಮಾಡಿ. ಎರಡು ವಿಷಯ ನೆನಪಿರಲಿ. ಬೆಟ್ಟದ ಒಳಗೆ ಕಾಗದದ ಬಣ್ಣ ತುಂಬಿರಬೇಕು, ಇಲ್ಲದಿದ್ದರೆ ಹಿಂದಿನ ಬೆಟ್ಟದ ಗೆರೆ ಮುಂದಿನದರ ಹೊಟ್ಟೆಯಲ್ಲಿ ಕಾಣುತ್ತದೆ. ಮತ್ತೆ, ನಕ್ಷೆಯ ಮೇಲಿನಿಂದ ಶುರು ಮಾಡಿ ಕೆಳಗೆ ಬನ್ನಿ. ಆಗ ಮುಂದಿನ ಬೆಟ್ಟ ಹಿಂದಿನದನ್ನು ಸರಿಯಾಗಿ ಮುಚ್ಚುತ್ತದೆ. ನೆರಳು ಎಲ್ಲದಕ್ಕೂ ಒಂದೇ ಮಗ್ಗುಲಲ್ಲಿ, ಬಲಗಡೆ.

ನದಿಯನ್ನು ಪಾತ್ ಟೂಲ್‌ನಲ್ಲಿ ಎಳೆಯಿರಿ. ಘಟ್ಟದಲ್ಲಿ ಕೂದಲಿನಷ್ಟು ಸಪೂರ, ಒಂದೊಂದು ಉಪನದಿ ಸೇರಿದ ಹಾಗೆ ದಪ್ಪ.

ಈಗ ಹೆಸರು. ಕನ್ನಡದಲ್ಲಿ ನಕ್ಷೆ ಮಾಡುವವರಿಗೆ ಯಾರೂ ಹೇಳಿಕೊಡದ ವಿಷಯ ಇದು. ಇಂಗ್ಲಿಷ್ ನಕ್ಷೆಯಲ್ಲಿ ರಾಜ್ಯದ ಹೆಸರಿಗೆ ದೊಡ್ಡಕ್ಷರ ಹಾಕುತ್ತಾರೆ, ನೀರಿಗೆ ಓರೆ ಅಕ್ಷರ. ನಮ್ಮಲ್ಲಿ ದೊಡ್ಡಕ್ಷರ ಇಲ್ಲ, ಓರೆ ಮಾಡಿದರೆ ಕನ್ನಡ ಅಕ್ಷರ ಚೆಂದ ಕಾಣುವುದೂ ಇಲ್ಲ. ಹಾಗಾಗಿ ಗಾತ್ರ, ದಪ್ಪ, ಬಣ್ಣ ಈ ಮೂರರಲ್ಲೇ ವ್ಯತ್ಯಾಸ ತೋರಿಸಬೇಕು. ನಾನು ರಾಜ್ಯಕ್ಕೆ ದಪ್ಪ ಅಕ್ಷರ, ಊರಿಗೆ ಸಣ್ಣ ಕಪ್ಪು, ನೀರಿಗೆ ಕಡು ನೀಲಿ ಇಡುತ್ತೇನೆ. ಒತ್ತಕ್ಷರ ಕೆಳಗೆ ಇಳಿಯುವ ಕಾರಣ ಹೆಸರನ್ನು ನದಿಯ ಗೆರೆಗೆ ತೀರಾ ಅಂಟಿಸಬೇಡಿ. ಅಕ್ಷರದ ಹಿಂದೆ ಕಾಗದದ ಬಣ್ಣದಲ್ಲಿ ನಾಲ್ಕು ಪಿಕ್ಸೆಲ್ ಅಗಲದ ಅಂಚು ಕೊಟ್ಟರೆ ಬೆಟ್ಟದ ಮೇಲೂ ಓದಬಹುದು. ಗಿಂಪ್‌ನಲ್ಲಿ ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿದರೆ ಒತ್ತು ಸರಿಯಾಗಿ ಕೂರುತ್ತದೆ. ಮುಂದೆ ಫೋಟೋಶಾಪ್‌ನ ಹಳೆ ಆವೃತ್ತಿಗೆ ಹೋದರೆ ಅಲ್ಲಿ ಟೈಪ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್ ರೆಡಿ’ ಲೇಔಟ್ ಆರಿಸಬೇಕು, ಇಲ್ಲದಿದ್ದರೆ ಅಕ್ಷರ ಒಡೆದುಹೋಗಬಹುದು.

ಹೆಸರು ಹುಡುಕಲು ದೂರ ಹೋಗಬೇಡಿ. ಪಡು ಅಂದರೆ ಪಶ್ಚಿಮ, ಮೂಡು ಅಂದರೆ ಪೂರ್ವ. ಪಡುಬಿದ್ರಿ, ಮೂಡುಬಿದಿರೆ. ತೆಂಕ ಎರ್ಮಾಳು, ಬಡ ಎರ್ಮಾಳು. ದಿಕ್ಕು ಹೆಸರಿನಲ್ಲೇ ಕೂತಿದೆ. ಉಪ್ಪಿನಂಗಡಿಯ ಹೆಸರಿನಲ್ಲಿ ಉಪ್ಪೂ ಉಂಟು, ಅಂಗಡಿಯೂ ಉಂಟು, ಮತ್ತೆ ಅದು ಇರುವುದು ಎರಡು ಹೊಳೆ ಕೂಡುವಲ್ಲಿ. ಪದವು, ಬೈಲು, ಗುಡ್ಡೆ, ಕುದ್ರು, ಕಟ್ಟೆ, ಕೋಡಿ ಇವೆಲ್ಲ ನೆಲದ ಗುಣ ಹೇಳುವ ಮಾತುಗಳು. ಹೊಳೆ ನಡುವಿನ ನೆಲಕ್ಕೆ ‘ಕುದ್ರು’ ಅಂತ ಕೊನೆಗೊಳ್ಳುವ ಹೆಸರು, ಎತ್ತರದ ಬಟ್ಟ ಬಯಲಿಗೆ ‘ಪದವು’. ಇಡೀ ನಕ್ಷೆಗೆ ಇಂಥ ಐದಾರು ಬಾಲ ಮಾತ್ರ ಇಟ್ಟುಕೊಳ್ಳಿ. ಓದುವವರಿಗೆ ಆ ನಾಡಿನಲ್ಲಿ ಒಂದು ಭಾಷೆ ಉಂಟು ಅಂತ ಅನ್ನಿಸುತ್ತದೆ.

ದೂರಕ್ಕೆ ಒಂದು ಅಳತೆಪಟ್ಟಿ ಹಾಕಿ. ನಡೆದು ಹೋಗುವವರು ದಿನಕ್ಕೆ 25–30 ಕಿ.ಮೀ. ಹೋಗಬಹುದು ಅಂತ ಇಟ್ಟುಕೊಳ್ಳಿ. ಮಂಗಳೂರಿನಿಂದ ಉಡುಪಿಗೆ ಎರಡು ದಿನದ ನಡಿಗೆ ಆಯಿತು. ನಿಮ್ಮ ಪಾತ್ರಗಳು ಎಷ್ಟು ದಿನ ನಡೆಯುತ್ತವೆ ಅನ್ನುವುದು ಇದಕ್ಕೆ ಹೊಂದಬೇಕು.

ಪುಸ್ತಕದಲ್ಲಿ ಅಚ್ಚು ಹಾಕಿಸುವುದಾದರೆ ಹಾಳೆ ಕತ್ತರಿಸುವಾಗ ಹೋಗಲಿಕ್ಕೆ ಅಂತ ಸುತ್ತ 3 ಮಿ.ಮೀ. ಜಾಸ್ತಿ ಬಿಡಿ, ಹೆಸರುಗಳನ್ನು ಅಂಚಿನಿಂದ ಒಳಗೆ ತನ್ನಿ. ಪರದೆಯ ಮೇಲೆ ಹೊಳೆಯುವ ನೀಲಿ ಹಸಿರು ಅಚ್ಚಿನಲ್ಲಿ ಮಂಕಾಗುತ್ತದೆ. ನನ್ನ ಒಂದು ನಕ್ಷೆಯ ಕಡಲು ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿ ಬಂದಾಗ ತುಂಬಾ ಬೇಸರ ಆಗಿತ್ತು. ಈಗ ಮೊದಲು ಒಂದು ಪ್ರತಿ ತೆಗೆಸಿ ನೋಡಿಯೇ ಮುಂದೆ ಹೋಗುತ್ತೇನೆ. ಕಪ್ಪು ಬಿಳುಪಿನ ಪುಟ ಆದರೆ ಈ ತೊಂದರೆಯೇ ಇಲ್ಲ.

ನಿಮ್ಮ ಪೆನ್ಸಿಲ್ ಚಿತ್ರ ಆದ ಮೇಲೆ ಇಲ್ಲಿ ಹಾಕಿ. ಊರು, ಕೋಟೆ ಯಾವುದೂ ಬೇಡ. ಘಟ್ಟದ ಗೆರೆ, ಮಳೆಯ ಬಾಣ, ನದಿಗಳು ಇಷ್ಟಿದ್ದರೆ ಸಾಕು, ನೋಡಿ ಹೇಳುತ್ತೇನೆ.