ಜುಲೈನಲ್ಲಿ ಬರೆದ ರಾಜೀನಾಮೆ

(ಗುರುತು ಸಿಗದಂತೆ ವಯಸ್ಸು, ಇಲಾಖೆ ಮತ್ತು ಕೆಲವು ಸಂದರ್ಭಗಳನ್ನು ಬದಲಿಸಲಾಗಿದೆ. ಬರೆಯಲು ಅವರ ಒಪ್ಪಿಗೆ ಇದೆ.)

ವಿಜಯಪುರ ಜಿಲ್ಲೆಯ ಯುವತಿ, ವಯಸ್ಸು 26. ಮಡಿಕೇರಿಯ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಜೂನ್ ಮಧ್ಯದಲ್ಲಿ ಸೇರಿದವರು. ಆಪ್ತಸಲಹೆಗೆ ಬಂದದ್ದು ಜುಲೈ ಕೊನೆಯ ವಾರ. ಬ್ಯಾಗಿನಲ್ಲಿ ಸಹಿ ಮಾಡಿದ ರಾಜೀನಾಮೆ ಪತ್ರವಿತ್ತು. ತಾರೀಕಿನ ಜಾಗ ಮಾತ್ರ ಖಾಲಿ.

"ಮೇಡಂ, ಈ ಊರು ನಂಗ ಆಗಿ ಬರಂಗಿಲ್ರಿ. ಮುಂಜಾನೆ ಎದ್ರ ತಲಿ ಸಿಡಿತೈತಿ, ವಾಕರಿಕಿ ಬರ್ತೈತಿ. ಆಫೀಸಿನ್ಯಾಗ ಯಾರೂ ನನ್ ಕೂಡ ಮಾತಾಡಂಗಿಲ್ಲ. ಬಟ್ಟಿ ಒಣಗಂಗಿಲ್ಲ, ಹಿಟ್ಟಿಗೆ ಹುಳ ಬಿದ್ದಾವು. ನಾ ಇಷ್ಟ್ ಸೂಕ್ಷ್ಮ ಅದೀನಂತ ನಂಗ ಗೊತ್ತ ಇರ್ಲಿಲ್ರಿ."

ಕಿವಿಗೊಡಬೇಕಾದದ್ದು ಆ ಕೊನೆಯ ಮಾತಿಗೆ. ಬಟ್ಟೆ, ಹಿಟ್ಟು, ತಲೆನೋವು, ಸಹೋದ್ಯೋಗಿಗಳು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ, ಅದಕ್ಕೆ "ನನ್ನ ದೌರ್ಬಲ್ಯ" ಎಂದು ಹೆಸರಿಟ್ಟಿದ್ದರು. ಗಂಟು ಬಿಚ್ಚದೆ ಧೈರ್ಯ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ವಿಜಯಪುರದಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ಮಳೆ ಮಡಿಕೇರಿಯಲ್ಲಿ ಸಾಮಾನ್ಯವಾಗಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ. ಅಂಥ ತಿಂಗಳಲ್ಲಿ ಒಂಟಿಯಾಗಿ ಮನೆ ಹೂಡಿದವರನ್ನು ಸೂಕ್ಷ್ಮ ಎನ್ನಲಾಗದು.

ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ 27ಕ್ಕೆ 12 ಅಂಕ ಬಂತು. 10 ಅಥವಾ ಅದಕ್ಕಿಂತ ಹೆಚ್ಚಾದರೆ ಖಿನ್ನತೆಯ ಸಾಧ್ಯತೆಯನ್ನು ಗಂಭೀರವಾಗಿ ನೋಡಬೇಕು. ಸಾವಿನ ಯೋಚನೆಯ ಬಗ್ಗೆ ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಬಾಯಿಮಾತಿನಲ್ಲೂ ನೇರವಾಗಿ ಕೇಳಿ ಖಚಿತಪಡಿಸಿಕೊಂಡದ್ದಾಯಿತು. ಆದರೆ ತಲೆನೋವಿನ ಲೆಕ್ಕ ಕೂಡಿಬರಲಿಲ್ಲ. ಬೆಳಿಗ್ಗೆ ಜೋರು, ಮಧ್ಯಾಹ್ನಕ್ಕೆ ಕಡಿಮೆ, ಊರಿಗೆ ಹೋದ ದಿನಗಳಲ್ಲಿ ಇಲ್ಲವೇ ಇಲ್ಲ. "ಕಚೇರಿ ನೆನೆಸ್ಕೊಂಡ್ರ ಹಂಗಾಗ್ತೈತ್ರಿ" ಎಂಬುದು ಅವರ ವಿವರಣೆ. ಕಚೇರಿಯೇ ಕಾರಣವಾದರೆ ಕಚೇರಿಯಲ್ಲಿದ್ದಾಗ ಕಡಿಮೆಯಾಗುವುದೇಕೆ?

ರಾತ್ರಿ ಮಲಗುವ ಕೋಣೆಯಲ್ಲಿ ಏನೇನಿದೆ ಎಂದು ಒಂದೊಂದಾಗಿ ಕೇಳಿದಾಗ ಉತ್ತರ ಸಿಕ್ಕಿತು. ಬಟ್ಟೆ ಒಣಗಲೆಂದು, ಚಳಿಗೂ ಆಯಿತೆಂದು ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು, ಕಿಟಕಿ ಬಾಗಿಲು ಭದ್ರಪಡಿಸಿ ಮಲಗುತ್ತಿದ್ದರು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಹೊಗೆಯೂ ಕಾಣುವುದಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿಯುತ್ತದೆ. ತಲೆನೋವು, ವಾಕರಿಕೆ, ಮಂಕು ಅದರ ಮೊದಲ ಗುರುತು; ಹೆಚ್ಚಾದರೆ ನಿದ್ದೆಯಲ್ಲೇ ಜೀವ ಹೋಗುತ್ತದೆ. ಸೌದೆ ಒಲೆಯಿರುವ ಹಳೆಯ ಬಚ್ಚಲುಮನೆಗಳಲ್ಲಿ ಬಟ್ಟೆ ಒಣಗಿಸುವುದುಂಟು, ಅಲ್ಲಿ ಹೊಗೆ ಹೋಗಲು ದಾರಿ ಇರುತ್ತದೆ, ಯಾರೂ ಅಲ್ಲಿ ಮಲಗುವುದಿಲ್ಲ. ಅದನ್ನು ನೋಡಿ ಮಲಗುವ ಕೋಣೆಗೆ ಕೆಂಡ ತರಬಾರದು. ಆ ದಿನದ ಮೊದಲ ಸಲಹೆ ಮಾನಸಿಕವಾದದ್ದೇ ಅಲ್ಲ: ಇವತ್ತೇ ಕೆಂಡ ಹೊರಗೆ, ಈಗಲೇ ವೈದ್ಯರ ಬಳಿಗೆ. ಕೆಂಡ ನಿಂತ ಮೂರನೇ ಬೆಳಿಗ್ಗೆ ತಲೆನೋವು ಇರಲಿಲ್ಲ. ಮುಂದಿನ ವಾರ ಅಂಕ 9ಕ್ಕೆ ಇಳಿಯಿತು.

ಬಟ್ಟೆಗೆ ಬೇರೆ ದಾರಿ ಬೇಕಲ್ಲ. ಭಾನುವಾರ ರಾಶಿ ಒಗೆಯುವುದನ್ನು ಬಿಟ್ಟು ದಿನಕ್ಕೆ ನಾಲ್ಕೈದು ಬಟ್ಟೆ ಮಾತ್ರ. ಓನರ್ ಮನೆಯ ವಾಷಿಂಗ್ ಮಷಿನ್ನಿನಲ್ಲಿ ಎರಡು ಸಲ ಹಿಂಡಿಸಿಕೊಳ್ಳಲು ಕೇಳಿಕೊಳ್ಳುವುದು. ಒಂದಕ್ಕೊಂದು ತಾಗದಂತೆ ಹರವಿ ಟೇಬಲ್ ಫ್ಯಾನ್ ಹಾಕಿ, ಕಿಟಕಿ ನಾಲ್ಕು ಬೆರಳು ತೆರೆದಿಡುವುದು. ಗಾಳಿ ಹೊರಹೋಗದಿದ್ದರೆ ಬಟ್ಟೆಯ ನೀರು ಗೋಡೆಗೆ ಏರಿ ಬೂಷ್ಟು ಹಿಡಿಯುತ್ತದೆ. ಬೀರುವಿನಲ್ಲಿ ಬಲ್ಬ್ ಉರಿಸುವ ಹಳೆಯ ಉಪಾಯ ಎಲ್‌ಇಡಿಯಿಂದ ನಡೆಯದು, ಅದರಲ್ಲಿ ಅಷ್ಟು ಶಾಖವಿಲ್ಲ. ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ. ಜೋಳದ ಹಿಟ್ಟು ತಿಂಗಳಿಗಾಗುವಷ್ಟು ಊರಿನಿಂದ ಹೊತ್ತು ತರುತ್ತಿದ್ದರು. ಒಂದೊಂದೇ ಕಿಲೋ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒದ್ದೆ ಚಮಚ ತಾಗಿಸದೆ ಇಟ್ಟರೆ ಕೆಡುವುದು ಕಡಿಮೆ.

ಇನ್ನು ಊರಿಗೆ ಹೋಗುವ ವಿಷಯ. ಆರು ವಾರಕ್ಕೆ ನಾಲ್ಕು ಸಲ ಹೋಗಿದ್ದರು. ಕೊಡಗಿನಲ್ಲಿ ರೈಲಿಲ್ಲ. ಮೈಸೂರಿಗೆ ಮೂರು ಮೂರೂವರೆ ಗಂಟೆ ಬಸ್ಸು, ಅಲ್ಲಿಂದ ವಿಜಯಪುರಕ್ಕೆ ಇಡೀ ರಾತ್ರಿಗೂ ಮೀರಿದ ಪ್ರಯಾಣ. ಮನೆಯಲ್ಲಿ ಸಿಗುತ್ತಿದ್ದದ್ದು ಒಂದು ಊಟ, ಒಂದು ಅಳು. ಸೋಮವಾರ ನಿದ್ದೆಗೆಟ್ಟು ಕಚೇರಿಗೆ. ಇಲ್ಲಿ ಗುರುತು ಬೆಳೆಯಬೇಕಾದ ಶನಿವಾರ, ಭಾನುವಾರಗಳೆಲ್ಲ ಬಸ್ಸಿನಲ್ಲೇ ಕಳೆದವು. ಐದು ವಾರಕ್ಕೊಮ್ಮೆ, ಎರಡು ದಿನ ರಜೆ ಸೇರಿಸಿ, ಟಿಕೆಟ್ ಮೊದಲೇ ತೆಗೆದಿಟ್ಟು ಹೋಗುವುದೆಂದು ಒಪ್ಪಿಕೊಂಡರು. ಮುಂದಿನ ತಾರೀಕು ಗೊತ್ತಿದ್ದರೆ ಮಧ್ಯದ ದಿನಗಳನ್ನು ತಾಳಿಕೊಳ್ಳಬಹುದು.

ತಾಯಿಯ ಜೊತೆ ಫೋನಿನಲ್ಲಿ ಮಾತಾಡುವುದು ಅಗತ್ಯವಿತ್ತು. ದಿನಕ್ಕೆ ಐದಾರು ಕರೆ, ಪ್ರತಿ ಸಲವೂ "ಉಂಡಿಯೇನವ್ವಾ? ಬ್ಯಾಸರಾದ್ರ ಬಂದ್ಬಿಡು." ಪ್ರೀತಿಯ ಮಾತೇ, ಆದರೆ ಆಗತಾನೇ ಸಮಾಧಾನಕ್ಕೆ ಬಂದ ಮಗಳಿಗೆ ಬೇಸರವನ್ನು ನೆನಪಿಸುವ ಮಾತು. ತಾಯಿಗೆ ಹೇಳಿದ್ದು ಇಷ್ಟು: ರಾತ್ರಿ ಎಂಟಕ್ಕೆ ಒಂದೇ ಕರೆ, ಮೊದಲು ತಾಯಿಯೇ ಊರಿನ ಸುದ್ದಿ ಹೇಳುವುದು, "ಬಂದ್ಬಿಡು" ಅನ್ನದಿರುವುದು. ತಾಯಿ ಮೊದಲ ವಾರ ಎರಡು ಸಲ ತಪ್ಪಿದರು, ಆಮೇಲೆ ಪಾಲಿಸಿದರು.

ಬೆಳಕು: ದಪ್ಪ ಪರದೆ ಎಳೆದು ಎಂಟೂವರೆವರೆಗೆ ಹೊದ್ದು ಮಲಗುತ್ತಿದ್ದರು. ಮೋಡ ಕವಿದ ಹಗಲಿನಲ್ಲೂ ಹೊರಗಿನ ಬೆಳಕು ಟ್ಯೂಬ್‌ಲೈಟ್ ಹಾಕಿದ ಕೋಣೆಗಿಂತ ಹತ್ತಾರು ಪಟ್ಟು ಹೆಚ್ಚು, ದೇಹದ ಗಡಿಯಾರಕ್ಕೆ ಬೇಕಾದದ್ದು ಅದೇ. ಆರೂವರೆಗೆ ಏಳುವುದು, ಕೊಡೆ ಹಿಡಿದು ಅರ್ಧ ಗಂಟೆ ಓಂಕಾರೇಶ್ವರ ದೇವಸ್ಥಾನದವರೆಗೆ ನಡೆದು ಬರುವುದು. ರಜೆಯ ದಿನವೂ ಅದೇ ಹೊತ್ತು.

"ಯಾರೂ ಮಾತಾಡಂಗಿಲ್ಲ" ಎಂಬುದನ್ನು ಬಿಡಿಸಿದಾಗ ಎರಡು ಘಟನೆ ಸಿಕ್ಕವು. ಹಿರಿಯ ಸಹೋದ್ಯೋಗಿಯೊಬ್ಬರು ಮೊದಲ ದಿನವೇ "ನಿಮ್ಮ ಮನೆಹೆಸರೇನು?" ಅಂದಿದ್ದರು. ಜಾತಿ ಕೇಳಿದರೆಂದು ಇವರು ಮುದುಡಿಕೊಂಡರು. ಕೊಡವರಲ್ಲಿ ಒಕ್ಕದ (ಮನೆತನದ) ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಹೊಸಬರನ್ನು ಗುರುತಿಟ್ಟುಕೊಳ್ಳುವ ರೂಢಿ ಅದು. "ನಮ್ಮಲ್ಲಿ ಅಡ್ಡಹೆಸರು ಕೊನೆಗೆ ಬರುತ್ತೆ" ಎಂದು ಹೇಳಿ, ಅವರ ಮನೆಹೆಸರನ್ನೂ ಕೇಳಿದರೆ ಸಾಕು, ಮಾತು ತಾನೇ ಬೆಳೆಯುತ್ತದೆ. ಎರಡನೆಯದು, ಊಟದ ಹೊತ್ತಿಗೆ ಎಲ್ಲರೂ ಕೊಡವರ ಮಾತಾದ ಕೊಡವ ತಕ್ಕ್‌ಗೆ ಹೊರಳುವುದು. ಇಲ್ಲಿ ಒಂದೇ ಟೇಬಲ್ಲಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಓಡಾಡುತ್ತವೆ. ಯಾರನ್ನೂ ಹೊರಗಿಡಲು ಅಲ್ಲ. ನಗುತ್ತಾ "ಅಕ್ಕಾ, ಅದೇನಂದ್ರಿ?" ಅನ್ನಬೇಕು. ಎರಡು ಸಲ ಕೇಳಿದ ಮೇಲೆ ಅವರೇ ಕನ್ನಡದಲ್ಲಿ ಹೇಳತೊಡಗಿದರು.

ಗುರುತು ಬೆಳೆಯುವುದು ಅದೇ ಮುಖ, ಅದೇ ಹೊತ್ತು, ಅದೇ ಜಾಗದಲ್ಲಿ. ಹಾಗಾಗಿ ಶುಕ್ರವಾರದ ಸಂತೆಯಲ್ಲಿ ಒಬ್ಬರೇ ತರಕಾರಿಯವರ ಬಳಿ ಕೊಳ್ಳುವಂತೆ ಹೇಳಲಾಯಿತು. ನಾಲ್ಕನೇ ಶುಕ್ರವಾರ ಆಕೆ "ಏನ್ ಮೇಡಂ, ಹೋದ ವಾರ ಬರಲಿಲ್ಲ?" ಎಂದು ಕೇಳಿದರಂತೆ. ಮಡಿಕೇರಿಗೆ ಬಂದ ಮೇಲೆ ತಾನು ಬಾರದಿದ್ದುದನ್ನು ಯಾರೋ ಗಮನಿಸಿದ್ದು ಅದೇ ಮೊದಲು ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು.

ಒಂದು ಕಡೆ ಯೋಜನೆ ಎಡವಿತು. ಸೆಪ್ಟೆಂಬರಿನಲ್ಲಿ ಕೊಡವರು ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಸಹೋದ್ಯೋಗಿಯ ಮನೆಗೆ ಹೋದರು. ಇವರು ಮಾಂಸ ತಿನ್ನದವರು. ಹಬ್ಬದೂಟದ ಮುಖ್ಯ ಅಡುಗೆ ಪಂದಿಕರಿ, ಅಂದರೆ ಹಂದಿಮಾಂಸದ ಸಾರು. ತಟ್ಟೆಯ ಮುಂದೆ ಎದ್ದು ನಿಂತರು, ಮನೆಯವರಿಗೂ ನೋವಾಯಿತು. ಕರೆದಾಗಲೇ "ನಾನು ಸಸ್ಯಾಹಾರಿ, ಕಡಂಬುಟ್ಟು, ಪಲ್ಯ ಸಾಕು ಅಕ್ಕಾ" ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು (ಕಡಂಬುಟ್ಟು ಅಕ್ಕಿಯ ಕಡುಬು). ಹೋಗುವ ಮುಂಚೆ ಇದನ್ನು ಅವರೊಡನೆ ಮಾತಾಡಿಕೊಳ್ಳದೆ ಬಿಟ್ಟದ್ದು ಸಲಹೆಯ ಲೋಪವೇ. ಮರುದಿನ ಅವರು ಆ ಅಕ್ಕನಿಗೆ ಕಾರಣ ಹೇಳಿದರು. ವಾರದ ಬಳಿಕ ಡಬ್ಬಿಯಲ್ಲಿ ಅಕ್ಕಿರೊಟ್ಟಿ ಬಂತು.

ಉಳಿದದ್ದು ರಾತ್ರಿಯ ಭಯ. ಕೋಣೆಯ ಹಿಂಗೋಡೆಗೆ ತಾಗಿದಂತೆ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ. ಮಳೆ ಜೋರಾದರೆ ಎದ್ದು ಕೂರುತ್ತಿದ್ದರು. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ ಇದನ್ನು ಆತಂಕದ ಕಾಯಿಲೆ ಎಂದು ಉಸಿರಾಟದ ಅಭ್ಯಾಸ ಹೇಳಿ ಕಳಿಸುವುದು ತಪ್ಪು. ಆ ಭಯದಲ್ಲಿ ಮಾಹಿತಿ ಇದೆ. ಬರೆಯ ಮೇಲೆ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಒಸರುವ ಕೆಸರು ನೀರು, ಸರಾಗವಾಗಿದ್ದ ಬಾಗಿಲು ಸಿಕ್ಕಿಕೊಳ್ಳುವುದು, ಇಷ್ಟರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ದಾಖಲೆ, ಟಾರ್ಚ್, ಔಷಧಿಯ ಚೀಲ ಬಾಗಿಲ ಬಳಿ. ಹೋಗುವ ಮನೆ ಮೊದಲೇ ಗೊತ್ತಿರಬೇಕು. ಜಿಲ್ಲಾ ತುರ್ತು ಸಂಖ್ಯೆ 1077. ಆದರೂ ಸರಿಯಾದ ಮದ್ದು ಮನೆ ಬದಲಿಸುವುದೇ. ಮಳೆ ಬರುವ ದಿನವೇ ಮನೆ ನೋಡಲು ಹೇಳಲಾಯಿತು: ಮೊಣಕಾಲೆತ್ತರದಲ್ಲಿ ಗೋಡೆ ಮುಟ್ಟಿ ನೋಡಿ, ಹೊಸ ಬಣ್ಣ ನಂಬಬೇಡಿ, ಹಿಂದೆ ಎಲ್ಲಿ ಕುಸಿದಿತ್ತೆಂದು ಅಕ್ಕಪಕ್ಕದವರನ್ನು ಕೇಳಿ. ಸೆಪ್ಟೆಂಬರ್ ಕೊನೆಗೆ ಪೂರ್ವಕ್ಕೆ ಕಿಟಕಿಯಿರುವ ಮಹಡಿ ಕೋಣೆ ಸಿಕ್ಕಿತು, ಬಾಡಿಗೆ 800 ರೂಪಾಯಿ ಹೆಚ್ಚು.

ಇಷ್ಟೆಲ್ಲ ಮಾಡಿದ ಮೇಲೂ ಎರಡು ವಾರ ನಿದ್ದೆ, ಹಸಿವು ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣುವುದೆಂದು ಮೊದಲೇ ಮಾತಾಗಿತ್ತು. ಸಾಯುವ ಯೋಚನೆ ಸುಳಿದರಂತೂ ಅದೇ ದಿನ. ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇವರಿಗೆ ಬೇಕಾಗಲಿಲ್ಲ.

ರಾಜೀನಾಮೆಯನ್ನು ಹರಿಯಲು ಯಾರೂ ಹೇಳಿರಲಿಲ್ಲ. ಮಳೆ ನಿಲ್ಲುವವರೆಗೆ ತಾರೀಕು ಹಾಕದಿರಿ, ಅಕ್ಟೋಬರ್ 31ಕ್ಕೆ ತೆಗೆದು ಓದಿ, ಆಗಲೂ ಹೌದೆನಿಸಿದರೆ ಕೊಡಿ ಎಂಬುದು ಒಪ್ಪಂದ. ಆ ದಿನ ಅವರ ಅಂಕ 4. ಪತ್ರ ಓದಿ, ಮಡಚಿ ಬ್ಯಾಗಿನಲ್ಲೇ ಇಟ್ಟುಕೊಂಡು, "ಇರ್ಲಿ ಮೇಡಂ, ಮುಂದಿನ ಜುಲೈಗೆ ನೋಡ್ತೀನ್ರಿ" ಎಂದರು. ಮುಂದಿನ ಭೇಟಿ ಮೇ ತಿಂಗಳಿಗೆ, ಮಳೆಗೆ ಮುಂಚೆ ಗೊತ್ತಾಗಿದೆ.